ಮಸ್ಕತ್ತಿನ ಬೇಸ್‌ಬಾಲ್ ಹುಡುಗರೂ ನಾನೂ

ಮಂಗಳೂರಿನಲ್ಲಿ ನಮ್ಮದು ನಾಲ್ಕು ತಲೆಮಾರಿನಿಂದ ಜನ ಗೌರವ ಕೊಟ್ಟುಕೊಂಡು ಬಂದ ಮನೆ. ಅಜ್ಜ ಕೋರ್ಟಿನಲ್ಲಿ ಶಿರಸ್ತೇದಾರರು. ಅವರು ರಸ್ತೆಯಲ್ಲಿ ನಡೆದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ತಂದೆ ಹೈಸ್ಕೂಲಿನ ಮುಖ್ಯೋಪಾಧ್ಯಾಯರು. ಅವರ ಕೈಯಲ್ಲಿ ಪೆಟ್ಟು ತಿಂದವರಲ್ಲಿ ಇಬ್ಬರು ದೊಡ್ಡ ಅಧಿಕಾರಿಗಳಾಗಿ ಆಮೇಲೆ ಅವರಿಗೇ ಸನ್ಮಾನ ಮಾಡಿದರು. ತಾಯಿ ಮಹಿಳಾ ಸಮಾಜದ ಅಧ್ಯಕ್ಷೆಯಾಗಿ ಹದಿನೆಂಟು ವರ್ಷ ಅವಿರೋಧವಾಗಿ ಆಯ್ಕೆಯಾದರು, ಏಕೆಂದರೆ ವಿರೋಧಿಸುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿ, ಸದ್ವರ್ತನೆಯ ಪದಕವನ್ನು ಮೂರು ಸಲ ಪಡೆದವಳು. ನಾಲ್ಕನೆಯ ಸಲವೂ ಬರಬೇಕಾಗಿತ್ತು. ಆ ವಿಷಯ ಈಗ ಬೇಡ.

ಇಂಥ ಮನೆಯಿಂದ ಬಂದವಳಿಗೆ ಆಗಬಾರದಂಥದ್ದು ನನಗೆ ಆಗುತ್ತಲೇ ಇರುತ್ತದೆ. ಮಸ್ಕತ್ತಿಗೆ ಬಂದು ಇಪ್ಪತ್ತೆಂಟು ವರ್ಷ. ರುಸೈಲ್ ಕಡೆಯ ಒಂದು ಕಾಲೇಜಿನಲ್ಲಿ ಹುಡುಗರ ಹಾಸ್ಟೆಲಿನ ಮೇಟ್ರನ್ ಆಗಿ ಒಂಬತ್ತು ವರ್ಷ. ಮೊದಲ ಏಳು ವರ್ಷ ಯಾರೂ ನನ್ನ ಮುಂದೆ ನಗುತ್ತಿರಲಿಲ್ಲ. ಆಮೇಲೆ ಬೇಸ್‌ಬಾಲ್ ಬಂತು.

ತಂದವರು ನಮ್ಮ ಕೋಚ್. ಮೈಸೂರಿನವರು. ಓದುವಾಗ ಅಲ್ಲಿಯ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದಲ್ಲಿದ್ದರಂತೆ. ನಮ್ಮದು ಎರಡು ವರ್ಷದ ಕಾಲೇಜು. ಅದು ಮುಗಿದ ಮೇಲೆ ಡಿಗ್ರಿಗೆ ಹುಡುಗರು ಬೇರೆಲ್ಲಾದರೂ ಹೋಗಲೇಬೇಕು. ಆಟ ಚೆನ್ನಾಗಿ ಆಡುವವರಿಗೆ ಹೊರದೇಶದ ಯೂನಿವರ್ಸಿಟಿಗಳು ಶುಲ್ಕವಿಲ್ಲದೆ ಸೀಟು ಕೊಡುತ್ತವೆ ಎಂದು ಕೋಚ್ ಕಂಡುಹಿಡಿದರು.

“ಹಾಗಾದರೆ ಕ್ರಿಕೆಟ್ ಆಡಿಸಿ,” ಎಂದೆ.

“ಕ್ರಿಕೆಟ್ ಕ್ಯೂ ಗೇಟ್ ದಾಟಿ ರೋಡಿಗೆ ಹೋಗಿದೆ ಮೇಡಂ. ಬೇಸ್‌ಬಾಲ್ ಕೌಂಟರ್ ಮುಂದೆ ಒಬ್ಬನೂ ಇಲ್ಲ. ನಮ್ ಹುಡುಗ್ರನ್ನ ಅಲ್ಲಿ ನಿಲ್ಲಿಸ್ತೀನಿ.”

ಆ ಖಾಲಿ ಕೌಂಟರಿನ ಮುಂದೆ ನಿಂತವರ ಪೈಕಿ, ಮಸ್ಕತ್ತಿನದೇ ಬಡಾವಣೆಯಾದ ಹಮ್ರಿಯಾದ ಹುಡುಗನೊಬ್ಬನ ವಿಷಯ ಮೊದಲೇ ಹೇಳಬೇಕು. ತಂದೆ ತಾಯಿ ಉಡುಪಿ ಕಡೆಯವರು, ಹಮ್ರಿಯಾದಲ್ಲಿ ಟೈಲರಿಂಗ್ ಅಂಗಡಿ; ಮನೆಯಲ್ಲಿ ಓದಲು ಜಾಗವಿಲ್ಲವೆಂದು ಹಾಸ್ಟೆಲಿಗೆ ಹಾಕಿದ್ದರು. ಕಾಮಾಲೆಯಿಂದ ಅವನಿಗೆ ಒಂದು ವರ್ಷ ಹೋಗಿತ್ತು. ಕಾಲೇಜು ಮುಗಿಯುವಾಗ ಇಪ್ಪತ್ತೊಂದು ದಾಟುತ್ತದೆ, ಆಮೇಲೆ ತಂದೆಯ ವೀಸಾದಲ್ಲಿ ಇರುವ ಹಾಗಿಲ್ಲ. ಸೀಟು ಸಿಕ್ಕಿದರೆ ಓದು. ಸಿಗದಿದ್ದರೆ, ರಜೆಯಲ್ಲಿ ಮಾತ್ರ ನೋಡಿದ ಊರಿಗೆ ಹೋಗಿ ಸೋದರಮಾವನ ಹೋಟೆಲಿನ ಕೌಂಟರಿನಲ್ಲಿ ಕೂರುವುದು. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಾಗಾಗಿ ಇಲ್ಲಿ ನಗುವವರು ಸ್ವಲ್ಪ ನೋಡಿಕೊಂಡು ನಗಬೇಕು.

ಬ್ಯಾಟ್ ಒಳಗಿದೆ

ಮೊದಲ ಪಂದ್ಯ ರುಸೈಲ್ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಫಿಲಿಪ್ಪೀನಿಗಳ ತಂಡದ ಮೇಲೆ. ಶುಕ್ರವಾರ ಸಂಜೆ, ಕಾಲೇಜಿನ ಹಿಂದಿನ ಮಣ್ಣಿನ ಮೈದಾನ. ಹುಡುಗರ ಜೊತೆ ಜವಾಬ್ದಾರಿಯವರೊಬ್ಬರು ಇರಬೇಕೆಂಬ ನಿಯಮವಿರುವುದರಿಂದ ನಾನು ಬೆಂಚಿನಲ್ಲಿ ಕೂತಿದ್ದೆ.

ಬೇಸ್‌ಬಾಲಿನಲ್ಲಿ ಚೆಂಡಿಗೆ ಹೊಡೆದ ಕೂಡಲೇ ಬ್ಯಾಟು ಬಿಟ್ಟು ಓಡಬೇಕು. ನೆಲದಲ್ಲಿ ಬೇಸ್ ಎಂದು ಒಂದು ಚೌಕದ ದಿಂಬು ಇರುತ್ತದೆ. ಚೆಂಡು ಅಲ್ಲಿಗೆ ಬರುವ ಮೊದಲು ಕಾಲು ಅದಕ್ಕೆ ತಾಗಬೇಕು. ಇದನ್ನು ಕೋಚ್ ಮೂರು ವಾರ ಬೋರ್ಡಿನಲ್ಲಿ ಚಿತ್ರ ಬರೆದು ಕಲಿಸಿದ್ದರು. ಆದರೆ ನಮ್ಮ ಹುಡುಗರು ಅಂಬೆಗಾಲಿಡುವಾಗಲೇ ಕ್ರಿಕೆಟ್ ಆಡಿದವರು.

ಹಮ್ರಿಯಾದ ಹುಡುಗ ಚೆನ್ನಾಗಿಯೇ ಹೊಡೆದ. ಬ್ಯಾಟು ಹಿಡಿದುಕೊಂಡೇ ಓಡಿದ. ದಿಂಬಿಗೆ ಇನ್ನೂ ಒಂದು ಮಾರು ಇರುವಾಗ ಬಗ್ಗಿ, ಬ್ಯಾಟು ಚಾಚಿ, ಅದರ ತುದಿಯನ್ನು ದಿಂಬಿಗೆ ತಾಗಿಸಿ, ಅಲ್ಲೇ ನಿಂತು ಬೆವರು ಒರೆಸಿಕೊಂಡ. ಎದುರು ತಂಡದವನು ಚೆಂಡು ಹಿಡಿದು ನಿಧಾನವಾಗಿ ಬಂದು ದಿಂಬಿನ ಮೇಲೆ ಕಾಲಿಟ್ಟ. ಅಂಪೈರ್ ಔಟ್ ಎಂದರು.

“ಬ್ಯಾಟ್ ಒಳಗಿದೆ ಸರ್! ಫುಲ್ ಒಳಗಿದೆ!” ಎಂದು ಹುಡುಗ ನೆಲ ತೋರಿಸಿದ.

ನಂತರದವನೂ ಹಾಗೆಯೇ ಮಾಡಿದ. ಮೂರನೆಯವನು ಹೊಡೆದಾಗ ಕೋಚ್ “ಬ್ಯಾಟ್ ಬಿಡೋ! ಬಿಡೋ!” ಎಂದು ಜೊತೆಯಲ್ಲೇ ಓಡಿದರು. ಅವನು ಅರ್ಧ ದಾರಿಯಲ್ಲಿ ಬಿಟ್ಟ. ನಾಲ್ಕು ಹೆಜ್ಜೆ ಹೋದವನು ಏನೋ ನೆನಪಾಗಿ ತಿರುಗಿ ಬಂದು, ಬ್ಯಾಟು ಎತ್ತಿ, ಧೂಳು ಕೊಡವಿ, ಬೇಲಿಗೆ ಒರಗಿಸಿಟ್ಟು, ಮತ್ತೆ ಓಡಿದ. ಅಷ್ಟರಲ್ಲಿ ಎದುರು ತಂಡ ನೀರು ಕುಡಿಯಲು ಹೋಗಿತ್ತು.

“ವಾಪಸ್ ಬಂದು ಎತ್ತಿಡಕ್ಕೆ ಯಾವನೋ ನಿಂಗೆ ಹೇಳ್ಕೊಟ್ಟಿದ್ದು?” ಎಂದು ಕೋಚ್ ತಲೆ ಹಿಡಿದುಕೊಂಡರು.

ಇಡೀ ತಂಡ ನನ್ನ ಕಡೆ ನೋಡಿತು. ಸಂಸ್ಥೆಯ ವಸ್ತುಗಳನ್ನು ನೆಲಕ್ಕೆ ಬಿಸಾಡಬಾರದೆಂಬುದು ಹಾಸ್ಟೆಲಿನ ಎರಡನೇ ನಿಯಮ. ಬರೆದದ್ದು ನಾನೇ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಹತ್ತೊಂಬತ್ತು–ಸೊನ್ನೆಯಲ್ಲಿ ಸೋತೆವು. ಆದರೆ ಒಂದು ಬ್ಯಾಟೂ ಕಳೆದುಹೋಗಲಿಲ್ಲ.

ಇಬ್ರಾದ ಮರ್ಯಾದೆ

ತಂಡದ ಪಿಚರ್, ಎಂದರೆ ಚೆಂಡು ಎಸೆಯುವವನು, ಇಬ್ರಾ ಎಂಬ ಊರಿನ ಒಮಾನಿ ಹುಡುಗ. ಮನೆಯವರಿಗೆ ಖರ್ಜೂರದ ತೋಟ. ಒಂಬತ್ತು ವರ್ಷದಲ್ಲಿ ನಾನು ಕಂಡ ಅತ್ಯಂತ ಮರ್ಯಾದಸ್ಥ ಹುಡುಗ ಅವನು. ನಾನು ಒಳಗೆ ಬಂದರೆ ಊಟದ ನಡುವೆಯೂ ಎದ್ದು ನಿಲ್ಲುತ್ತಾನೆ.

ಬೇರೊಂದು ತಂಡದ ಮೇಲಿನ ಪಂದ್ಯದಲ್ಲಿ ಅವನು ಓಡಿ ಎರಡನೇ ಬೇಸ್ ತಲುಪಿದ. ದಿಂಬಿನ ಮೇಲೆ ಕಾಲಿರುವ ತನಕ ಯಾರೂ ಏನೂ ಮಾಡುವ ಹಾಗಿಲ್ಲ. ಕಾಲು ತೆಗೆದಾಗ ಚೆಂಡು ಹಿಡಿದವನು ಮುಟ್ಟಿದರೆ ಔಟ್. ಮುಂದೆ ಬ್ಯಾಟ್ ಮಾಡಬೇಕಾದವನು ಹಮ್ರಿಯಾದ ಹುಡುಗ. ಯೂನಿವರ್ಸಿಟಿಗಳಿಗೆ ಕಳುಹಿಸುವ ಪಟ್ಟಿಯಲ್ಲಿ ಅವನ ಹೆಸರಿನ ಎದುರು ಬರೆಯಲು ಇನ್ನೂ ಹೆಚ್ಚೇನೂ ಇರಲಿಲ್ಲ.

ಎರಡು ಹೆಜ್ಜೆ ಆಚೆ ನಿಂತಿದ್ದ ಎದುರು ತಂಡದವನೂ ಇಬ್ರಾದವನೇ ಎಂದು ಆಗ ಗೊತ್ತಾಯಿತು.

“ಅಸ್ಸಲಾಮು ಅಲೈಕುಂ!”

“ವಅಲೈಕುಂ ಅಸ್ಸಲಾಂ!”

ನಮ್ಮವನು ದಿಂಬಿನಿಂದ ಇಳಿದು ಹೋಗಿ ಕೈ ಕುಲುಕಿದ. ಹೇಗಿದ್ದೀ, ತಂದೆ ಹೇಗಿದ್ದಾರೆ, ತಾಯಿ ಹೇಗಿದ್ದಾರೆ, ಏನು ಸುದ್ದಿ, ಸುದ್ದಿಯೇನಿಲ್ಲ, ನಿನ್ನ ಕಡೆ ಏನು ಸುದ್ದಿ, ದೇವರ ದಯೆ. ಒಮಾನಿನಲ್ಲಿ ಇದನ್ನು ಅರ್ಧಕ್ಕೆ ನಿಲ್ಲಿಸುವುದು ಕೆಟ್ಟ ನಡತೆ. ಎದುರಿನವನೂ ಎಲ್ಲದಕ್ಕೂ ಕ್ರಮವಾಗಿ ಉತ್ತರ ಕೊಟ್ಟು, ದೊಡ್ಡಪ್ಪನ ಮೊಣಕಾಲಿನ ಆಪರೇಷನ್ ವಿಚಾರಿಸಿ, ಕೊನೆಗೆ ಎಡಗೈಯ ಗ್ಲೌಸಿನಲ್ಲಿದ್ದ ಚೆಂಡನ್ನು ಮೆತ್ತಗೆ ಇವನ ಹೆಗಲಿಗೆ ತಾಗಿಸಿದ. ಔಟ್. ಅದು ಮೂರನೇ ಔಟ್. ನಮ್ಮ ಸರದಿಯೇ ಮುಗಿಯಿತು. ಹಮ್ರಿಯಾದ ಹುಡುಗ ಹೆಲ್ಮೆಟ್ ತೆಗೆದು ಬೆಂಚಿನಲ್ಲಿಟ್ಟ.

“ಬೇಸ್ ಯಾಕಪ್ಪಾ ಬಿಟ್ಟೆ?” ಎಂದು ಕೋಚ್ ಹಿಂದಿಯಲ್ಲಿ ಕೇಳಿದರು.

“ನನ್ನ ಚಿಕ್ಕಪ್ಪನ ಪಕ್ಕದ ಮನೆಯವನು, ಕೋಚ್.”

“ಕಾಲು ಅಲ್ಲೇ ಇಟ್ಟುಕೊಂಡು ಕೈ ನೀಡಬಾರದಿತ್ತಾ?”

ಹುಡುಗನಿಗೆ ನಿಜವಾಗಿ ನೋವಾಯಿತು. “ನಿಂತಲ್ಲಿಂದಲೇ ಕೈ ನೀಡುವುದಾ? ನಮ್ಮ ತಂದೆಗೆ ಗೊತ್ತಾದರೆ ಏನೆನ್ನುತ್ತಾರೆ?”

“ಅವನು ಹೇಳುವುದು ಸರಿ,” ಎಂದೆ ನಾನು. ಕೋಚ್ ನನ್ನನ್ನು ನೋಡಿದ ನೋಟ ಸಭ್ಯವಾಗಿರಲಿಲ್ಲ.

ಪಂದ್ಯದ ನಂತರ ಔಟ್ ಮಾಡಿದವನೇ ಮಾತಾಡಿಸಲು ನಮ್ಮ ಬೆಂಚಿಗೆ ಬಂದ. ನಮ್ಮ ಹುಡುಗ ಅವನಿಗೆ ಖರ್ಜೂರ ಕೊಟ್ಟು, ಫ್ಲಾಸ್ಕಿನಿಂದ ಮೂರು ಸಲ ಕಹ್ವಾ, ಎಂದರೆ ಇಲ್ಲಿಯ ಕಾಫಿ, ಬಗ್ಗಿಸಿದ. ಕೋಚ್‌ಗೆ ಒಂದು ಸಲವೂ ಬಗ್ಗಿಸಲಿಲ್ಲ.

ಸ್ಟೋರ್ ಕೀಪರ್

ಮೊದಲು ದಡ ಸೇರಿದವನು ನಮ್ಮ ಕ್ಯಾಚರ್. ವಿಕೆಟ್ ಕೀಪರ್ ಆಗಿದ್ದವನು, ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವುದನ್ನು ಬೇಗ ಕಲಿತ. ದುಬೈಯ ಒಂದು ವೃತ್ತಿಪರ ತಂಡ ಅವನನ್ನು ಕರೆಯಿತು. ನಮ್ಮ ಕಾಲೇಜಿನಿಂದ ಹೋದ ಮೊದಲ ವೃತ್ತಿಪರ ಆಟಗಾರ. ಕೋಚ್ ಲಾಡು ಹಂಚಿದರು.

ತಂದೆ ತಾಯಿಯನ್ನು ಕರೆಸಿ ವಿಷಯ ಹೇಳಿದೆವು. ತಂದೆ ಮೂವತ್ತು ವರ್ಷ ಗಲ್ಫಿನಲ್ಲಿ ಕಳೆದವರು.

“ಕಫೀಲ್ ಯಾರು?” ಎಂದರು. ಕಫೀಲ್ ಎಂದರೆ ವೀಸಾ ಕೊಡುವ ಯಜಮಾನ.

“ತಂಡವೇ ವೀಸಾ ಕೊಡುತ್ತೆ ಸಾರ್.”

“ವೀಸಾದಲ್ಲಿ ಉದ್ಯೋಗ ಎಂತ ಅಂತ ಬರೆಯುತ್ತಾರೆ?”

ಕೋಚ್ ಕಾಗದ ತಿರುವಿದರು. ಹೊಸ ತಂಡವಾದ್ದರಿಂದ ಆಟಗಾರ ಎಂಬ ಹುದ್ದೆಗೆ ಇನ್ನೂ ಅನುಮತಿ ಬಂದಿರಲಿಲ್ಲ. ಸದ್ಯಕ್ಕೆ ಬೇರೆ ಹೆಸರಿನಲ್ಲಿ ಮಾಡಿಸಿದ್ದರು. ಅವರು ಧ್ವನಿ ತಗ್ಗಿಸಿ, “ಸ್ಟೋರ್ ಕೀಪರ್,” ಎಂದರು.

ಹುಡುಗನಿಗೆ ಅವಮಾನವಾಯಿತೋ ಎಂದು ನನಗೆ ಕಳವಳ. ತಾಯಿ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನಿಗೆ ಹೇಳಿದರು: “ದೇವರು ದೊಡ್ಡವನು ಮಾರಾಯ್ರೇ. ಆಟಗಾರ ಅಂದರೆ ಯಾರು ಹೆಣ್ಣು ಕೊಡುತ್ತಿದ್ದರು? ಸ್ಟೋರ್ ಕೀಪರಿಗೆ ಕೊಡುತ್ತಾರೆ.”

ಸೇವಂತಿಗೆ

ಹಮ್ರಿಯಾದ ಹುಡುಗನ ಸರದಿ ಬಂದದ್ದು ಎರಡನೇ ವರ್ಷದ ನವರಾತ್ರಿಯ ಹೊತ್ತಿಗೆ. ಅಮೆರಿಕದ ಒಂದು ಯೂನಿವರ್ಸಿಟಿ ಅವನು ಬ್ಯಾಟ್ ಮಾಡುವ ವಿಡಿಯೋ ಕೇಳಿತು. ಕಳುಹಿಸಲು ಎರಡೇ ದಿನ. ಚಿತ್ರೀಕರಣದ ದಿನವೇ ಆಯುಧಪೂಜೆ.

ಅವನ ತಾಯಿ ಹಮ್ರಿಯಾದಿಂದ ಬೆಳಿಗ್ಗೆಯೇ ಬಂದರು. ಕೈಯಲ್ಲಿ ಹೂವಿನ ಚೀಲ. “ಅಕ್ಕಾ, ಇವತ್ತು ಬ್ಯಾಟಿಗೆ ಪೂಜೆ ಆಗದೆ ಮುಟ್ಟುವ ಹಾಗಿಲ್ಲ. ನಮ್ಮ ಹೊಲಿಗೆ ಮಿಷನಿಗೂ ಮಾಡಿಯೇ ಬಂದೆ,” ಎಂದರು. ಹಾಸ್ಟೆಲಿನಲ್ಲಿ ನನ್ನನ್ನು ಎಲ್ಲರೂ ಮೇಡಂ ಎನ್ನಬೇಕು. ಇವರು ಅಕ್ಕ ಎನ್ನುತ್ತಾರೆ. ನಾನು ತಿದ್ದಲಿಲ್ಲ.

ಕೋಚ್ ಬೇಡವೆನ್ನುತ್ತಾರೆ ಎಂದುಕೊಂಡೆ. ಮೈಸೂರಿನವರಿಗೆ ಆಯುಧಪೂಜೆ ಬೇಡವೆನ್ನಲು ಬಾಯಿ ಬರುತ್ತದೆಯೇ? ಬ್ಯಾಟು, ಗ್ಲೌಸು, ಹೆಲ್ಮೆಟ್ಟು ಎಲ್ಲ ಹೊರಗೆ ತಂದು ಸಾಲಾಗಿ ಇಟ್ಟರು. ತಮ್ಮ ಕಾರನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿದರು. ತಾಯಿ ಅರಿಸಿನ ಕುಂಕುಮ ಹಚ್ಚಿ, ಬ್ಯಾಟಿನ ಹೊಟ್ಟೆಗೆ ಹಳದಿ ಸೇವಂತಿಗೆ ಮಾಲೆಯನ್ನು ಟೈಲರಿಂಗ್ ದಾರದಲ್ಲಿ ಬಿಗಿದರು.

“ತೆಗೆದು ಆಡಲಿ,” ಎಂದೆ.

“ಸಂಜೆ ತನಕ ತೆಗೆಯಬಾರದು ಅಕ್ಕಾ.”

ಇಬ್ರಾದ ಹುಡುಗ ಚೆಂಡು ಎಸೆದ, ಇವನು ಬೀಸಿ ಹೊಡೆದ. ಠಳಾರನೆ ಸದ್ದು, ಆಕಾಶದ ತುಂಬ ಹಳದಿ ದಳ. ಇನ್ನೊಮ್ಮೆ ಹೊಡೆದ, ಇನ್ನಷ್ಟು ದಳ. ನಿಜ ಹೇಳುತ್ತೇನೆ, ನೋಡಲು ಬಹಳ ಚೆನ್ನಾಗಿತ್ತು. ಕೋಚ್ ಎರಡು ಸಲ ಚಪ್ಪಾಳೆ ಹೊಡೆದು ವಿಡಿಯೋ ಕಳುಹಿಸಿಯೇಬಿಟ್ಟರು.

ಹತ್ತು ದಿನಕ್ಕೆ ಉತ್ತರ ಬಂತು. ಹುಡುಗನ ಬೀಸು ಗಮನ ಸೆಳೆಯಿತು, ಆದರೆ ಹೊಡೆದ ಮೇಲೆ ಹಾರಿದ್ದರಲ್ಲಿ ಚೆಂಡು ಯಾವುದೆಂದು ತಿಳಿಯಲಿಲ್ಲ. ಸಾಮಗ್ರಿ ಒಡೆದು ಯಾರಿಗಾದರೂ ಗಾಯವಾಯಿತೇ ಎಂದು ಕೇಳಿದ್ದರು. ಜನವರಿಯಲ್ಲಿ ತಮ್ಮವರೊಬ್ಬರು ದುಬೈಗೆ ಬರುವವರಿದ್ದಾರೆ, ಒಂದು ದಿನ ಮಸ್ಕತ್ತಿಗೂ ಬಂದು ಸ್ವತಃ ನೋಡುತ್ತಾರೆ ಎಂದೂ ಬರೆದಿದ್ದರು.

ಹುಡುಗ ಆ ಪತ್ರವನ್ನು ಎರಡು ಸಲ ಓದಿ ಮಡಚಿದ. ಉಳಿದದ್ದು ಆ ಒಂದೇ ದಿನ.

ತಾಯಿಗೆ ಫೋನ್ ಮಾಡಿ ತಿಳಿಸಿದೆ. “ಪೂಜೆ ಫಲ ಕೊಟ್ಟಿತು ಅಕ್ಕಾ. ಇಲ್ಲದಿದ್ದರೆ ಅಷ್ಟು ದೂರದಿಂದ ಮನುಷ್ಯ ಬರುತ್ತಿದ್ದನಾ?” ಎಂದರು.

ಒಗೆತದ ನೋಟೀಸು

ಈಗ ಮುಖ್ಯ ವಿಷಯ.

ಬೇಸ್‌ಬಾಲಿನಲ್ಲಿ ಬಿಳಿ ಪ್ಯಾಂಟು ಹಾಕುತ್ತಾರೆ. ಹಾಗೆ ಹಾಕಿದ ಮೇಲೆ, ಚೆಂಡು ಹಿಡಿದವನಿಗೆ ಸಿಗದಂತೆ, ಅದೇ ಪ್ಯಾಂಟಿನಲ್ಲಿ ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದು ಬೇಸಿನ ತನಕ ಜಾರಿಕೊಂಡು ಹೋಗುತ್ತಾರೆ. ನಮ್ಮ ಮೈದಾನದ ಕೆಂಗಂದು ಮಣ್ಣು ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ಮೊದಲ ವರ್ಷವೇ ಹಾಸ್ಟೆಲಿನ ಬಟ್ಟೆ ಒಗೆಯುವ ಮಿಷನ್ ಕಟ್ಟಿ ನಿಂತಿತು. ಆವತ್ತೇ ನಾನು ನೋಟೀಸು ಹಾಕಿದೆ: ಮಣ್ಣಾದ ಪ್ಯಾಂಟನ್ನು ಮಿಷನಿಗೆ ಹಾಕತಕ್ಕದ್ದಲ್ಲ. ಮಣ್ಣು ಮಾಡಿಕೊಂಡವರು ತಾವೇ ಕೈಯಲ್ಲಿ ಒಗೆದು, ಮೇಟ್ರನ್‌ಗೆ ತೋರಿಸಿ, ಆಮೇಲೆ ಊಟಕ್ಕೆ ಬರತಕ್ಕದ್ದು.

ಎರಡು ವಾರದಲ್ಲಿ ಹುಡುಗರು ಜಾರುವುದನ್ನು ಬಿಟ್ಟುಬಿಟ್ಟರು. ಬೇಸ್ ಹತ್ತಿರ ಬಂದ ಕೂಡಲೇ ಸಿಗ್ನಲ್ಲಿನಲ್ಲಿ ಲಾರಿ ನಿಲ್ಲುವ ಹಾಗೆ ಬ್ರೇಕು ಹಾಕಿ ನಿಂತು ಔಟಾಗುತ್ತಿದ್ದರು.

“ಮೇಡಂ, ನಿಮ್ ನೋಟೀಸಿನಿಂದ ಮೂರು ಮ್ಯಾಚ್ ಹೋಯ್ತು,” ಎಂದರು ಕೋಚ್.

“ಪ್ಯಾಂಟು ಎಷ್ಟು ಉಳಿಯಿತು, ಅದನ್ನೂ ಹೇಳಿ,” ಎಂದೆ.

ಜನವರಿಯ ಆ ದಿನ ಬಂತು. ಅಮೆರಿಕದವರು ದೊಡ್ಡ ಟೋಪಿ, ಸಣ್ಣ ಪುಸ್ತಕ ಹಿಡಿದು ಬೇಲಿಯ ಹತ್ತಿರ ಕುರ್ಚಿ ಹಾಕಿ ಕೂತರು. ಎದುರು ತಂಡ ಅದೇ ರುಸೈಲಿನ ಫಿಲಿಪ್ಪೀನಿಗಳು. ಹುಡುಗನ ತಂದೆ ಅಂಗಡಿಗೆ ಬೀಗ ಹಾಕಿ ಬಂದಿದ್ದರು. ತಾಯಿ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದರು. ಮಗ ಎರಡು ಸಲ ಬರೀ ಗಾಳಿಗೆ ಬೀಸಿ ಬಂದ. ಟೋಪಿಯವರು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಮೂರನೆಯ ಸಲ ಹೊಡೆದು ಮೂರನೇ ಬೇಸಿನ ತನಕ ಓಡಿದ. ಕೊನೆಯ ಸರದಿ, ನಾಲ್ಕು–ನಾಲ್ಕು ಸಮ. ಅವನು ಮನೆ ತಲುಪಿದರೆ, ಎಂದರೆ ಹೊರಟ ಜಾಗಕ್ಕೇ ಮರಳಿ ಬಂದರೆ, ಗೆಲುವು.

ಇಬ್ರಾದ ಹುಡುಗ ದೂರಕ್ಕೆ ಹೊಡೆದ. ಹಮ್ರಿಯಾದ ಹುಡುಗ ಹೊರಟ. ಆ ಕಡೆಯಿಂದ ಚೆಂಡೂ ಹೊರಟಿತು. ಅವರ ಕ್ಯಾಚರ್ ಕೈ ಚಾಚಿ ಕಾಯುತ್ತಿದ್ದ. ಐದು ಹೆಜ್ಜೆ ಉಳಿದಿತ್ತು. ಆಗ ಹುಡುಗ ಬ್ರೇಕು ಹಾಕತೊಡಗಿದ.

ಅವನ ಕಣ್ಣು ಟೋಪಿಯವರ ಕಡೆ ಹೋಗಲಿಲ್ಲ, ಕೋಚ್ ಕಡೆ ಹೋಗಲಿಲ್ಲ. ಬೆಂಚಿನ ಕಡೆ, ನನ್ನ ಕಡೆ ಬಂತು.

ಆಮೇಲೆ ಕೇಳಿದ್ದು ನನ್ನದೇ ಗಂಟಲು:

“ಜಾರು ಮಾರಾಯಾ, ಜಾರು! ಪ್ಯಾಂಟು ನಾನು ಒಗೆಯುತ್ತೇನೆ!”

ಅವನು ಬಿದ್ದ. ತಲೆ ಮುಂದೆ ಮಾಡಿ, ಎರಡೂ ಕೈ ಚಾಚಿ, ಎದೆಯ ಮೇಲೆ ಜಾರಿಕೊಂಡು ಹೋದ. ಧೂಳು ಎದ್ದಿತು. ಧೂಳು ಇಳಿದಾಗ ಅಂಪೈರ್ ಎರಡೂ ಕೈ ಅಗಲಿಸಿ ನಿಂತಿದ್ದರು. ಔಟಿಲ್ಲ. ಗೆದ್ದಿದ್ದೆವು. ಟೋಪಿಯವರು ಎದ್ದು ನಿಂತು ಬರೆಯುತ್ತಿದ್ದರು.

ಇಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮೇಟ್ರನ್ ಪ್ಯಾಂಟು ಒಗೆಯುತ್ತಾರೆಂಬುದು ಯಾವ ಭಾಷೆಯ ಹುಡುಗನಿಗೂ ಅರ್ಥವಾಗದೆ ಉಳಿಯಲಿಲ್ಲ. ಇಬ್ರಾದ ಹುಡುಗ, ಅಷ್ಟು ಮರ್ಯಾದಸ್ಥ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಎರಡನೇ ಬೇಸಿಗೆ ಜಾರಿದ. ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಓಡಿ ಹೋಗಿ ಜಾರಿದರು. ಎರಡು ವರ್ಷದ ಆಸೆ ನೋಡಿ. ಕೊನೆಗೆ ಐವತ್ತೆರಡು ವರ್ಷದ ಕೋಚ್, “ನಂದೂ ಒಂದು ಇರ್ಲಿ ಮೇಡಂ!” ಎಂದು ಕೂಗಿ ಜಾರಿ, ಅರ್ಧ ದಾರಿಯಲ್ಲೇ ನಿಂತುಹೋದರು. ಅವರನ್ನು ಎಬ್ಬಿಸಲು ಟೋಪಿಯವರೇ ಬರಬೇಕಾಯಿತು.

ಕೊಟ್ಟ ಮಾತು ಮಾತೇ. ಆ ಸಂಜೆ ನಾನು ಹಾಸ್ಟೆಲಿನ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ನಿಂತು ಹನ್ನೆರಡು ಪ್ಯಾಂಟು ಕೈಯಲ್ಲಿ ಒಗೆದೆ. ಹುಡುಗನ ತಾಯಿ ನೀರು ಹಾಕಿದರು. ಹನ್ನೊಂದು ವಿದ್ಯಾರ್ಥಿಗಳದ್ದು. ಹನ್ನೆರಡನೆಯದರ ಸೊಂಟ ನಲವತ್ತೆರಡು; ಅದು ಯಾವ ವಿದ್ಯಾರ್ಥಿಯದೂ ಆಗಿರಲಿಲ್ಲ.

ಮೂರು ವಾರದಲ್ಲಿ ಪತ್ರ ಬಂತು. ಹುಡುಗನಿಗೆ ಸೀಟು, ಶುಲ್ಕವಿಲ್ಲ, ವಸತಿಯೂ ಅವರದೇ. ತಂದೆ ಪತ್ರವನ್ನು ಓದಲಾಗದೆ ನನ್ನ ಕೈಗೆ ಕೊಟ್ಟರು. ನಾನು ಗಟ್ಟಿಯಾಗಿ ಓದಿದೆ. ನನ್ನ ಧ್ವನಿ ನಡುಗಲಿಲ್ಲ. ನಡುಗಿತೆಂದು ಕೋಚ್ ಹೇಳಿಕೊಂಡು ತಿರುಗುವುದು ಸುಳ್ಳು.

ಬೀಳ್ಕೊಡುಗೆಯ ದಿನ ಅದೇ ಪತ್ರವನ್ನು ಕೋಚ್ ವೇದಿಕೆಯಿಂದ ಪೂರ್ತಿ ಓದಿದರು. ಕೋಚ್‌ಗೆಂದು ಬರೆದ ಎರಡನೆಯ ಪುಟವೊಂದಿತ್ತು, ನಾನು ಅದನ್ನು ಕಂಡಿರಲಿಲ್ಲ. ಅದರಲ್ಲಿ ಹೀಗಿತ್ತು: ಆಟಗಾರನಷ್ಟೇ ನಮಗೆ ಮೆಚ್ಚಿಗೆಯಾದದ್ದು ನಿಮ್ಮ ಬಟ್ಟೆ ಒಗೆಯುವ ಮಹಿಳೆ. ಒಗೆಯುವವರಿಗೂ ಆಟದಲ್ಲಿ ಇಷ್ಟು ಶ್ರದ್ಧೆಯಿರುವ ಕಾಲೇಜನ್ನು ನಾವು ಕಂಡಿಲ್ಲ. ಅವರಿಗೆ ನಮ್ಮ ವಂದನೆ ತಿಳಿಸಿ.

ಸಭೆಯಲ್ಲಿ ನಾನೂರು ಜನ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗನ ತಾಯಿ ಎಲ್ಲರಿಗಿಂತ ಜೋರಾಗಿ.

“ನೀವು ಆ ಟೋಪಿಯವರಿಗೆ ಏನು ಹೇಳಿದಿರಿ?” ಎಂದು ಕೋಚ್‌ರನ್ನು ಪಕ್ಕಕ್ಕೆ ಕರೆದು ಕೇಳಿದೆ.

“ಏನೂ ಇಲ್ಲ ಮೇಡಂ. ಆ ಲೇಡಿ ಏನು ಕೂಗಿದ್ರು ಅಂದ್ರು, ಪ್ಯಾಂಟ್ ಒಗೀತೀನಿ ಅಂದ್ರು ಅಂತ ಟ್ರಾನ್ಸ್‌ಲೇಟ್ ಮಾಡ್ದೆ. ಅವರು ಯಾರು ಅಂತ ಕೇಳೋ ಹೊತ್ಗೆ ನಂಗೆ ಸೊಂಟ ಹಿಡ್ಕೊಂಡಿತ್ತು.”

“ಸೊಂಟ ಬಿಟ್ಟ ಮೇಲೆ ಹೇಳಬಹುದಿತ್ತಲ್ಲ?”

“ಇಷ್ಟು ಚೆನ್ನಾಗಿ ಬರ್ದಿದ್ದಾರೆ, ಯಾಕೆ ಕೆಡಿಸೋದು ಅಂತ ಬಿಟ್ಟೆ ಮೇಡಂ.”

ಒಗೆಯುವುದು ಕೀಳು ಕೆಲಸವೆಂದು ನಾನು ಹೇಳುತ್ತಿಲ್ಲ. ಹನ್ನೆರಡು ಪ್ಯಾಂಟು ಒಗೆದವಳು ಹಾಗೆ ಹೇಳಲಾರಳು. ಮುಂದಿನ ತಂಡಕ್ಕಾಗಿ ನೋಟೀಸನ್ನೂ ನಾನೇ ತೆಗೆದಿದ್ದೇನೆ. ಆದರೆ ನನ್ನ ಹುದ್ದೆ ಮೇಟ್ರನ್. ಅಮೆರಿಕದ ಒಂದು ಯೂನಿವರ್ಸಿಟಿಯ ಕಡತದಲ್ಲಿ ಅದು ತಪ್ಪಾಗಿ ಸೇರಿದೆ, ತಪ್ಪಿಗೆ ಕಾರಣರಾದವರು ಇನ್ನೂ ನಗುತ್ತಿದ್ದಾರೆ.

ಕೋಚ್ ಅವರು ನನ್ನಲ್ಲಿ ಕ್ಷಮೆ ಕೇಳಬೇಕು. ಬರಹದಲ್ಲಿ.